ಲಕ್ಷ ಕಿಲೋಮೀಟರು ದಾಟಿದ ಆಟೋಮ್ಯಾಟಿಕ್ ಗಾಡಿ: ಗೇರ್ ಎಣ್ಣೆಯ ಆಯ್ಕೆ ಮತ್ತು ಬದಲಾವಣೆ

ಮೈಸೂರಿನ ಚಾಮರಾಜಪುರಂ, ಸರಸ್ವತಿಪುರಂ, ಲಕ್ಷ್ಮೀಪುರಂ ಬಡಾವಣೆಗಳಲ್ಲಿ ಬೆಳೆಗಾರ ಕುಟುಂಬಗಳ ಮನೆಗಳು ಅನೇಕ ಇವೆ. ಮಕ್ಕಳ ಓದಿಗೆಂದು ಮಾಡಿದ ಮನೆಗಳು, ಮಕ್ಕಳು ಕೆಲಸ ಹಿಡಿದು ದೂರ ಹೋದ ಮೇಲೆ ಹಿರಿಯರ ವಾಸಕ್ಕೆ ಉಳಿದಿವೆ. ಆಸ್ಪತ್ರೆ, ಔಷಧಿ, ಬ್ಯಾಂಕು ಇಲ್ಲಿ. ತೋಟ, ಕಣ, ಆಳುಗಳ ಬಟವಾಡೆ ಅಲ್ಲಿ. ಹದಿನೈದು ದಿನಕ್ಕೊಮ್ಮೆಯಾದರೂ ಹುಣಸೂರು, ಕುಶಾಲನಗರದ ಮೇಲೆ ಮಡಿಕೇರಿಯ ಕಡೆಗೆ ಹೋಗಿಬರುವುದು ತಪ್ಪದು. ಕ್ಲಚ್ ತುಳಿಯಲು ಮೊಣಕಾಲು ಒಪ್ಪದ ವಯಸ್ಸಿನಲ್ಲಿ ತಾನಾಗಿ ಗೇರು ಬದಲಿಸುವ ಗಾಡಿ ಇವರಿಗೆ ಶೋಕಿಯಲ್ಲ, ಆಧಾರ. ಆ ಗಾಡಿ ನಿಂತರೆ ತೋಟಕ್ಕೆ ಹೋಗುವುದೂ ನಿಲ್ಲುತ್ತದೆ. ಒಡೆಯನ ಕಣ್ಣು ಬೀಳದ ತೋಟ ಏನಾಗುತ್ತದೆಂಬುದನ್ನು ಸದಸ್ಯ ಬಾಂಧವರಿಗೆ ನಾವು ಹೇಳಬೇಕಾಗಿಲ್ಲ.

ಇಂಥ ಗಾಡಿಗಳಲ್ಲಿ ಬಹಳಷ್ಟು ಈಗ ಲಕ್ಷ ಕಿಲೋಮೀಟರು ದಾಟಿವೆ. ಕೆಲವನ್ನು ಎರಡನೆಯ ಕೈಯಲ್ಲಿ ಕೊಂಡದ್ದರಿಂದ ಹಿಂದಿನ ಲೆಕ್ಕವೂ ಇಲ್ಲ. ಗೇರ್ ಪೆಟ್ಟಿಗೆಯ ಎಣ್ಣೆ ಬದಲಿಸಬೇಕೆ ಎಂದು ಕೇಳಿದರೆ ಮೂರು ಬಗೆಯ ಉತ್ತರ ಬರುತ್ತದೆ. "ಅದು ಜೀವಮಾನದ ಎಣ್ಣೆ, ಬದಲಿಸುವ ಹಾಗೇ ಇಲ್ಲ" ಎಂಬುದು ಒಂದು. "ಇಷ್ಟು ಓಡಿದ ಮೇಲೆ ಮುಟ್ಟಬೇಡಿ, ಮುಟ್ಟಿದರೆ ಪೆಟ್ಟಿಗೆ ಹೋಯಿತೆಂದೇ ತಿಳಿಯಿರಿ" ಎಂಬುದು ಇನ್ನೊಂದು. "ಕೆಂಪು ಎಣ್ಣೆ ಯಾವುದಾದರೂ ಆದೀತು ಸಾರ್" ಎಂಬುದು ಮೂರನೆಯದು. ಮೂರೂ ನಷ್ಟಕ್ಕೆ ದಾರಿ, ಮೂರನೆಯದಂತೂ ಎಲ್ಲಕ್ಕಿಂತ ಹತ್ತಿರದ ದಾರಿ ಎಂಬುದು ನಮ್ಮ ಅಭಿಪ್ರಾಯ. ಪೆಟ್ಟಿಗೆಯ ಜಾತಿ ಯಾವುದೆಂದು ಮೊದಲು ತಿಳಿಯಬೇಕು. ಅದಕ್ಕೆ ಹೇಳಿದ ಎಣ್ಣೆಯನ್ನೇ ತರಬೇಕು. ಪೆಟ್ಟಿಗೆ ನರಳುವ ಮೊದಲೇ ನಿಧಾನವಾಗಿ ಬದಲಿಸಬೇಕು. ಇದಿಷ್ಟೇ ಈ ಲೇಖನದ ಸಾರ. ಕಾರಣಗಳನ್ನು ಮುಂದೆ ವಿವರಿಸಿದ್ದೇವೆ.

ಈ ಎಣ್ಣೆಯ ಕೆಲಸವೇನು?

ಜೀಪಿನ ಗೇರ್ ಪೆಟ್ಟಿಗೆಗೆ ತೊಂಬತ್ತರ ಎಣ್ಣೆ ಹಾಕಿ ರೂಢಿಯಾದ ನಮಗೆ, ಗೇರ್ ಎಣ್ಣೆ ಎಂದರೆ ಹಲ್ಲು ಸವೆಯದಂತೆ ಕಾಯುವ ಜಿಡ್ಡು ಎಂಬ ಭಾವನೆ ಇದೆ. ಆಟೋಮ್ಯಾಟಿಕ್ ಪೆಟ್ಟಿಗೆಯ ತೆಳು ಎಣ್ಣೆಗೆ ಅದಕ್ಕಿಂತ ಹೆಚ್ಚಿನ ಹೊಣೆ ಇದೆ. ಇಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ಎಂಬ ಭಾಗದಲ್ಲಿ ಪೆಟ್ಟಿಗೆಗೆ ದಾಟಿಸುವುದು ಈ ಎಣ್ಣೆ. ಒತ್ತಡಕ್ಕೆ ಸಿಕ್ಕು, ಸಣ್ಣ ಸಣ್ಣ ಕವಾಟಗಳ ಮೂಲಕ ಹರಿದು, ಕ್ಲಚ್ ಬಿಲ್ಲೆಗಳನ್ನು ಅದುಮಿ ಗೇರು ಬದಲಿಸುವುದೂ ಇದೇ. ಹುಟ್ಟಿದ ಬಿಸಿಯನ್ನು ಕೂಲರ್‌ಗೆ ಒಯ್ಯುವುದು ಇದೇ. ಇವೆಲ್ಲಕ್ಕಿಂತ ವಿಚಿತ್ರವಾದದ್ದೆಂದರೆ, ಹಲ್ಲುಗಳು ಜಾರುವಂತೆ ನೋಡಿಕೊಳ್ಳುವ ಈ ಎಣ್ಣೆಯೇ ಕ್ಲಚ್ ಬಿಲ್ಲೆಗಳು ಜಾರದೆ ಕಚ್ಚುವಂತೆಯೂ ನೋಡಿಕೊಳ್ಳಬೇಕು. ಎಷ್ಟು ಬೇಗ, ಎಷ್ಟು ಮೃದುವಾಗಿ ಕಚ್ಚಬೇಕು ಎಂಬುದನ್ನು ಎಣ್ಣೆಗೆ ಬೆರೆಸಿದ ರಸಾಯನಗಳು ನಿರ್ಧರಿಸುತ್ತವೆ.

ಈ ಹದ ಎಷ್ಟು ಸೂಕ್ಷ್ಮವೆಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿ ಇದೆ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ೧೯೩೯ರಲ್ಲಿ ಹೈಡ್ರಾಮ್ಯಾಟಿಕ್ ಎಂಬ ಪೆಟ್ಟಿಗೆಯನ್ನು ಹೊರತಂದಿತು. ೧೯೪೯ರಲ್ಲಿ ಅದರ ಎಣ್ಣೆಗೆ 'ಟೈಪ್ ಎ' ಎಂಬ ಗುಣಮಟ್ಟವನ್ನು ಗೊತ್ತುಮಾಡಿತು. ೧೯೬೭ರಲ್ಲಿ 'ಡೆಕ್ಸ್‌ರಾನ್' ಎಂಬ ಹೆಸರು ಬಂತು. ಆ ಕಾಲದ ಎಣ್ಣೆಗಳಲ್ಲಿ ಕ್ಲಚ್ಚಿನ ಹದಕ್ಕಾಗಿ ಬೆರೆಸುತ್ತಿದ್ದುದು ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು. ತಿಮಿಂಗಿಲಗಳ ರಕ್ಷಣೆಗೆಂದು ೧೯೭೦ರ ದಶಕದಲ್ಲಿ ಅಮೆರಿಕ ಅದನ್ನು ನಿಷೇಧಿಸಿದಾಗ, ಸರಿಸಮನಾದ ಬದಲಿ ವಸ್ತುವಿಗಾಗಿ ತಜ್ಞರು ಬಹಳ ಶ್ರಮಪಡಬೇಕಾಯಿತು. ಒಂದು ಬೆರಕೆ ವಸ್ತು ಬದಲಾದರೆ ಅಷ್ಟು ತೊಡಕಾಗುವ ಯಂತ್ರಕ್ಕೆ, ಕೈಗೆ ಸಿಕ್ಕ ಡಬ್ಬಿಯನ್ನು ಸುರಿಯುವುದು ಹೇಗೆ ಸರಿಯಾದೀತು?

ಮೊದಲು ಪೆಟ್ಟಿಗೆಯ ಜಾತಿ ತಿಳಿಯಿರಿ

ನಮ್ಮಲ್ಲಿ ಎರಡೇ ಪೆಡಲ್ ಇರುವ ಗಾಡಿಗಳೆಲ್ಲ 'ಆಟೋಮ್ಯಾಟಿಕ್' ಎಂದೇ ಹೆಸರಾಗಿವೆ. ಒಳಗೆ ನೋಡಿದರೆ ನಾಲ್ಕು ಜಾತಿ.

ಒಂದನೆಯದು ಮೇಲೆ ಹೇಳಿದ ಟಾರ್ಕ್ ಕನ್ವರ್ಟರ್ ಜಾತಿ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಗಾಡಿಯ ೨೦೧೬ರ ಕ್ರಿಸ್ಟಾ ಮಾದರಿಯಲ್ಲಿ ಬಂದದ್ದು ಆರು ಗೇರಿನ ಇಂಥ ಪೆಟ್ಟಿಗೆ. ಇದಕ್ಕೆ ಬೇಕಾದದ್ದು ಎ.ಟಿ.ಎಫ್. ಎಂದು ಕರೆಯುವ ಎಣ್ಣೆ. ಎರಡನೆಯದು ಸಿ.ವಿ.ಟಿ. ಇದರಲ್ಲಿ ಗೇರುಗಳ ಬದಲು ಎರಡು ರಾಟೆ, ನಡುವೆ ಉಕ್ಕಿನ ಪಟ್ಟಿ. ಪಟ್ಟಿ ರಾಟೆಯನ್ನು ಜಾರದೆ ಹಿಡಿಯಬೇಕಾದ್ದರಿಂದ ಇದರ ಎಣ್ಣೆಯೇ ಬೇರೆ. ಮೂರನೆಯದು ಎರಡು ಕ್ಲಚ್ಚಿನ ಡಿ.ಸಿ.ಟಿ. ಇದರಲ್ಲಿಯೂ ಎಣ್ಣೆಯಲ್ಲಿ ಮುಳುಗಿದ ಕ್ಲಚ್, ಒಣ ಕ್ಲಚ್ ಎಂದು ಎರಡು ಬಗೆ. ಒಂದರ ಎಣ್ಣೆ ಇನ್ನೊಂದಕ್ಕೆ ಸಲ್ಲದು. ನಾಲ್ಕನೆಯದು ಎ.ಎಂ.ಟಿ. ೨೦೧೪ರಲ್ಲಿ ಮಾರುತಿ ಸೆಲೆರಿಯೋ ಮೂಲಕ ಇದು ಕಡಮೆ ಬೆಲೆಯ ಗಾಡಿಗಳಿಗೂ ಬಂತು. ಇದು ನಿಜವಾಗಿ ಹಳೆಯ ಕೈ ಗೇರಿನ ಪೆಟ್ಟಿಗೆಯೇ. ಕ್ಲಚ್ ತುಳಿಯುವ, ಗೇರು ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಆದ್ದರಿಂದ ಪೆಟ್ಟಿಗೆಗೆ ಹೋಗುವುದು ಕೈ ಗೇರಿನ ಎಣ್ಣೆ. ಕೆಲವು ಮಾದರಿಗಳಲ್ಲಿ ಕ್ಲಚ್ ಒತ್ತುವ ಯಂತ್ರಕ್ಕೆ ಚಿಕ್ಕ ಪಾತ್ರೆಯಲ್ಲಿ ಪ್ರತ್ಯೇಕ ಎಣ್ಣೆಯೂ ಇರುತ್ತದೆ.

ಗಾಡಿಯ ಹೆಸರನ್ನು ನಂಬಿ ಎಣ್ಣೆ ಕೊಳ್ಳುವಂತಿಲ್ಲ. ಹೋಂಡಾ ಸಿಟಿಯನ್ನೇ ನೋಡೋಣ. ೨೦೦೩ರ ಮಾದರಿಯಲ್ಲಿ ಸಿ.ವಿ.ಟಿ. ಇತ್ತು, ೨೦೦೮ರಲ್ಲಿ ಬಂದ ಮಾದರಿಯಲ್ಲಿ ಐದು ಗೇರಿನ ಟಾರ್ಕ್ ಕನ್ವರ್ಟರ್, ೨೦೧೪ರಲ್ಲಿ ಮತ್ತೆ ಸಿ.ವಿ.ಟಿ. ಮಾರುತಿ ಡಿಜೈರ್‌ನಲ್ಲಿಯೂ ಹಾಗೆಯೇ: ಮೊದಲು ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್, ಆಮೇಲೆ ಎ.ಎಂ.ಟಿ. ಹೆಸರು ಒಂದೇ, ಎಣ್ಣೆ ಬೇರೆ ಬೇರೆ.

ಚಾಮರಾಜಪುರಂನಲ್ಲಿ ವಾಸವಾಗಿರುವ ನಮ್ಮ ಸದಸ್ಯರೊಬ್ಬರ ಸಿ.ವಿ.ಟಿ. ಗಾಡಿಗೆ ಒಂದು ಗ್ಯಾರೇಜಿನಲ್ಲಿ ಸಾಮಾನ್ಯ ಎ.ಟಿ.ಎಫ್. ತುಂಬಿದರು. ಊರೊಳಗೆ ಏನೂ ತಿಳಿಯಲಿಲ್ಲ. ಕುಶಾಲನಗರ ದಾಟಿ ಏರು ಸಿಕ್ಕಿದ ಮೇಲೆ ಗಾಡಿ ನಡುಗತೊಡಗಿತು. ಇಂಜಿನ್ ಕೂಗಿದರೂ ವೇಗ ಬರಲಿಲ್ಲ. ಅವರು ಮುಂದೆ ಹೋಗದೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಎಣ್ಣೆಯನ್ನು ಎರಡು ಸಲ ಬದಲಿಸಿದ ಮೇಲೆ ನಡುಕ ಬಹುಮಟ್ಟಿಗೆ ನಿಂತಿತು. ಹಾಗೆಯೇ ಓಡಿಸಿದ್ದರೆ ಪಟ್ಟಿ, ರಾಟೆ ಎರಡೂ ಗೀಚಿಹೋಗುತ್ತಿದ್ದವು. ಪೆಟ್ಟಿಗೆ ಬಿಚ್ಚಿ ಕಟ್ಟುವ ಖರ್ಚು ಎಷ್ಟೋ ವೇಳೆ ಹಳೆಯ ಗಾಡಿಯ ಬೆಲೆಗೇ ಸಮನಾಗುತ್ತದೆ.

ಡಬ್ಬಿಯ ಮೇಲೆ ಏನು ಓದಬೇಕು?

ಗಾಡಿಯ ಜೊತೆ ಬಂದ ಕೈಪಿಡಿಯ ಕೊನೆಯ ಪುಟಗಳಲ್ಲಿ ಯಾವ ಎಣ್ಣೆ, ಎಷ್ಟು ಲೀಟರು ಎಂಬ ಕೋಷ್ಟಕ ಇರುತ್ತದೆ. ಡಿಪ್‌ಸ್ಟಿಕ್ ಇರುವ ಗಾಡಿಗಳಲ್ಲಿ ಅದರ ಹಿಡಿಯ ಮೇಲೂ ಎಣ್ಣೆಯ ಹೆಸರು ಕೆತ್ತಿರುವುದುಂಟು. ಟೊಯೋಟಾದವರು 'ಡಬ್ಲ್ಯು.ಎಸ್.' ಎಂದರೆ ಅದೇ. ಅವರದೇ ಹಳೆಯ 'ಟಿ-೪' ಅಲ್ಲ, ಅದು ಇನ್ನಷ್ಟು ಮಂದ. ಹ್ಯುಂಡೈಯ 'ಎಸ್.ಪಿ.-೩' ಬೇರೆ, 'ಎಸ್.ಪಿ.-೪' ಬೇರೆ. ಹೋಂಡಾದಲ್ಲಿ ಗೇರಿನ ಪೆಟ್ಟಿಗೆಗೆ 'ಡಿ.ಡಬ್ಲ್ಯು.-೧', ಹೊಸ ಸಿ.ವಿ.ಟಿ.ಗೆ 'ಎಚ್.ಸಿ.ಎಫ್.-೨'.

ಹಳೆಯ ಗಾಡಿಗಳವರಿಗೆ ಒಂದು ಸಂದೇಹ ಬರುತ್ತದೆ. ಕೈಪಿಡಿಯಲ್ಲಿ 'ಡೆಕ್ಸ್‌ರಾನ್-೩' ಎಂದಿರುತ್ತದೆ, ಅಂಗಡಿಯಲ್ಲಿ 'ಡೆಕ್ಸ್‌ರಾನ್-೬' ಕೊಡುತ್ತಾರೆ. ಆರನೆಯದು ೨೦೦೫ರಲ್ಲಿ ಬಂದ ಮೇಲೆ ಜನರಲ್ ಮೋಟಾರ್ಸ್ ಮೂರನೆಯದಕ್ಕೆ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ತನ್ನ ಹಳೆಯ ಪೆಟ್ಟಿಗೆಗಳಿಗೂ ಆರನೆಯದನ್ನೇ ಹಾಕಬಹುದೆಂದು ಆ ಕಂಪನಿ ಹೇಳುತ್ತದೆ. ಬೇರೆ ಕಂಪನಿಯ ಗಾಡಿಗೆ ಆ ಮಾತು ಅನ್ವಯಿಸುತ್ತದೆಂದು ಭಾವಿಸದೆ ಗಾಡಿಯ ಕಂಪನಿಯವರನ್ನೇ ಕೇಳತಕ್ಕದ್ದು.

'ಎಲ್ಲ ಗಾಡಿಗಳಿಗೂ' ಎಂದು ಬರೆದ ಎಣ್ಣೆಗಳೂ ಮಾರುಕಟ್ಟೆಯಲ್ಲಿವೆ. ಡಬ್ಬಿಯ ಹಿಂದೆ ಎರಡು ಬಗೆಯ ಮಾತು ಇರುತ್ತದೆ. 'ಇಂಥ ಕಂಪನಿಯಿಂದ ಅಂಗೀಕೃತ' ಎಂಬುದು ಒಂದು. 'ಇಂಥ ಗಾಡಿಗಳಲ್ಲಿ ಬಳಸಲು ಯೋಗ್ಯ' ಎಂಬುದು ಇನ್ನೊಂದು. ಮೊದಲನೆಯದು ಗಾಡಿ ತಯಾರಿಸಿದವರ ಒಪ್ಪಿಗೆ, ಎರಡನೆಯದು ಎಣ್ಣೆ ಮಾರುವವರ ಭರವಸೆ. 'ಹೆಚ್ಚು ಓಡಿದ ಗಾಡಿಗಳಿಗೆ' ಎಂಬ ಎಣ್ಣೆಗಳಲ್ಲಿ ಒಣಗಿದ ರಬ್ಬರು ಸೀಲುಗಳನ್ನು ಮೆತ್ತಗಾಗಿಸುವ ವಸ್ತು ಸೇರಿಸಿರುತ್ತಾರೆ. ಸಣ್ಣ ಸೋರಿಕೆಗೆ ಅದು ಉಪಕರಿಸಬಹುದು. ಆದರೆ ನಮ್ಮ ಪೆಟ್ಟಿಗೆಯ ಗುಣಮಟ್ಟದ ಹೆಸರು ಆ ಡಬ್ಬಿಯ ಮೇಲಿಲ್ಲದಿದ್ದರೆ ಅದು ನಮಗಲ್ಲ. ಬಣ್ಣ ನೋಡಿ ನಿರ್ಧರಿಸುವುದಂತೂ ಬೇಡವೇ ಬೇಡ. ಕೆಂಪು ಬಣ್ಣ ಸೇರಿಸಿರುವುದು ಸೋರಿದಾಗ ಇಂಜಿನ್ ಎಣ್ಣೆಯಿಂದ ಬೇರೆಯಾಗಿ ಗುರುತು ಸಿಗಲೆಂದು. ಗುಣಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಪವರ್ ಸ್ಟೀರಿಂಗಿಗೆಂದು ತಂದು ಷೆಡ್ಡಿನಲ್ಲಿ ಉಳಿಸಿದ ಕೆಂಪು ಎಣ್ಣೆ ಗೇರ್ ಪೆಟ್ಟಿಗೆಗೂ ಆದೀತೆಂಬ ಉಳಿತಾಯ ಸಲ್ಲದು.

'ಜೀವಮಾನ' ಎಂದರೆ ಯಾರ ಜೀವಮಾನ?

ಎಣ್ಣೆ ಹಾಳಾಗುವುದು ಮುಖ್ಯವಾಗಿ ಬಿಸಿಯಿಂದ. ಉಷ್ಣತೆ ಸುಮಾರು ೧೦ ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಎಣ್ಣೆ ಕೆಡುವ ವೇಗ ಇಮ್ಮಡಿಯಾಗುತ್ತದೆಂಬುದು ತಜ್ಞರ ಸ್ಥೂಲ ಲೆಕ್ಕ. ಮೈಸೂರಿನಿಂದ ಮಡಿಕೇರಿಗೆ ಸುಮಾರು ೧೨೦ ಕಿಲೋಮೀಟರು. ಅದರಲ್ಲಿ ಕುಶಾಲನಗರದಿಂದ ಆಚೆಗಿನ ಸುಮಾರು ೩೦ ಕಿಲೋಮೀಟರಿನ ಏರೇ ಪೆಟ್ಟಿಗೆಯ ನಿಜವಾದ ಪರೀಕ್ಷೆ. ಗೊಬ್ಬರದ ಚೀಲ, ಐದು ಜನ, ಏರು ಎಲ್ಲ ಸೇರಿದಾಗ ಟಾರ್ಕ್ ಕನ್ವರ್ಟರಿನೊಳಗೆ ಎಣ್ಣೆ ಕಲಕಿ ಕಾಯುತ್ತದೆ. ಅಲ್ಲಿಂದ ಬಂದು ಚಾಮರಾಜಪುರಂನಿಂದ ಮಾರುಕಟ್ಟೆಗೆ, ಆಸ್ಪತ್ರೆಗೆ ಎಂದು ನಿಂತು ನಿಂತು ಓಡುವ ಸಣ್ಣ ಓಡಾಟವೂ ಎಣ್ಣೆಗೆ ಹಿತವಲ್ಲ.

ಕೈಪಿಡಿಯಲ್ಲಿ 'ಬದಲಿಸಬೇಕಾಗಿಲ್ಲ' ಎಂದಿದ್ದರೂ ಪುಟ ತಿರುವಿದರೆ 'ಕಠಿಣ ಬಳಕೆ' ಎಂಬ ಬೇರೆ ಕೋಷ್ಟಕ ಸಿಗುವುದುಂಟು. ಬೆಟ್ಟದ ರಸ್ತೆ, ಧೂಳು, ಹೆಚ್ಚಿನ ಹೊರೆ, ಸಣ್ಣ ಓಡಾಟ ಇವೇ ಅಲ್ಲಿನ ವರ್ಣನೆ. ನಮ್ಮ ಗಾಡಿಗಳ ದಿನಚರಿಯನ್ನೇ ಬರೆದಂತಿರುತ್ತದೆ. ಕೋಷ್ಟಕ ಇದ್ದರೆ ಅದರಂತೆ ನಡೆಯಬೇಕು. ಇಲ್ಲದಿದ್ದರೆ ಟಾರ್ಕ್ ಕನ್ವರ್ಟರ್ ಗಾಡಿಗಳಿಗೆ ೫೦ರಿಂದ ೬೦ ಸಾವಿರ ಕಿಲೋಮೀಟರಿಗೊಮ್ಮೆ, ಸಿ.ವಿ.ಟಿ.ಗೆ ಇನ್ನೂ ಸ್ವಲ್ಪ ಮೊದಲೇ ಬದಲಿಸುವುದು ಕ್ಷೇಮವೆಂದು ನಾವು ಭಾವಿಸುತ್ತೇವೆ.

ಮುಟ್ಟಿದರೆ ಕೆಡುತ್ತದೆ ಎಂಬ ಭಯ

ಈ ಭಯಕ್ಕೆ ಬುಡವಿಲ್ಲದಿಲ್ಲ. ಎಷ್ಟೋ ವರ್ಷ ಎಣ್ಣೆ ಬದಲಿಸದೆ, ಗೇರು ಜಾರತೊಡಗಿದ ಮೇಲೆ ಕೊನೆಯ ಆಸೆಯಿಂದ ಬದಲಿಸುತ್ತಾರೆ. ವಾರದಲ್ಲಿ ಗಾಡಿ ನಿಲ್ಲುತ್ತದೆ. ಅಪವಾದ ಹೊಸ ಎಣ್ಣೆಯ ಮೇಲೆ ಬರುತ್ತದೆ. ಕೊಳೆರೋಗ ಗೊನೆಗೆ ಹತ್ತಿದ ಮೇಲೆ ಬೋರ್ಡೋ ದ್ರಾವಣ ಹೊಡೆದು, ಮದ್ದಿನಿಂದಲೇ ಕಾಯಿ ಉದುರಿತೆಂದು ಹೇಳಿದ ಹಾಗೆ. ಸವೆದ ಕ್ಲಚ್ ಬಿಲ್ಲೆಯನ್ನು ಯಾವ ಎಣ್ಣೆಯೂ ಹೊಸದು ಮಾಡಲಾರದು.

ಇನ್ನೊಂದು ಕಾರಣ, ಯಂತ್ರದಿಂದ ಒತ್ತಡ ಕೊಟ್ಟು ತೊಳೆಯುವ ಕ್ರಮ. ತಳದಲ್ಲಿ ಕುಳಿತ ಕಸ ಎದ್ದು ಕವಾಟಗಳ ಸಂದಿಗೆ ಸಿಕ್ಕಿಕೊಂಡರೆ ಚೆನ್ನಾಗಿದ್ದ ಪೆಟ್ಟಿಗೆಗೂ ತೊಂದರೆ. ಹಿಂದಿನ ಲೆಕ್ಕವಿಲ್ಲದ ಹಳೆಯ ಗಾಡಿಗೆ ಈ ಕ್ರಮವನ್ನು ನಾವು ಸೂಚಿಸುವುದಿಲ್ಲ. ತಾನಾಗಿ ಇಳಿದಷ್ಟನ್ನು ಇಳಿಸಿ ಅಷ್ಟೇ ತುಂಬುವ ಕ್ರಮವೇ ವಾಸಿ. ಇದರಲ್ಲಿ ಎಲ್ಲ ಎಣ್ಣೆ ಹೊರಬರುವುದಿಲ್ಲ. ಕನ್ವರ್ಟರಿನಲ್ಲಿಯೂ ಕೊಳವೆಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಉಳಿಯುವುದುಂಟು. ೮ ಲೀಟರು ಹಿಡಿಯುವ ಪೆಟ್ಟಿಗೆಯಿಂದ ಪ್ರತಿ ಸಲ ೩ ಲೀಟರು ಇಳಿಯುತ್ತದೆಂದು ಇಟ್ಟುಕೊಂಡರೆ, ಮೊದಲ ಸಲದ ನಂತರ ಶೇಕಡಾ ೬೨ರಷ್ಟು, ಎರಡನೆಯ ಸಲ ೩೯ರಷ್ಟು, ಮೂರನೆಯ ಸಲ ೨೪ರಷ್ಟು ಹಳೆಯ ಎಣ್ಣೆ ಉಳಿದಿರುತ್ತದೆ. ಒಂದೆರಡು ಸಾವಿರ ಕಿಲೋಮೀಟರು ಅಂತರದಲ್ಲಿ ಮೂರು ಸಲ ಮಾಡಿದರೆ ಬಹುಪಾಲು ಹೊಸದಾದಂತೆಯೇ. ಪೆಟ್ಟಿಗೆಗೂ ಒಮ್ಮೆಲೇ ಆಘಾತವಿಲ್ಲ.

ಬದಲಿಸುವ ಮೊದಲು ಹಳೆಯ ಎಣ್ಣೆಯ ಎರಡು ತೊಟ್ಟನ್ನು ಬಿಳಿ ಕಾಗದದ ಮೇಲೆ ಹಾಕಿ ನೋಡಿ. ತಿಳಿಯಾದ ಕೆಂಪಿದ್ದರೆ ಅವಸರವಿಲ್ಲ. ಕಂದಾಗಿದ್ದರೆ ಬದಲಿಸುವ ಕಾಲ ಬಂದಿದೆ. ಕಪ್ಪಾಗಿ, ಸುಟ್ಟ ವಾಸನೆ ಬಂದು, ಗೇರು ಜಾರುತ್ತಿದ್ದರೆ ಎಣ್ಣೆಗೆ ಹಣ ಹಾಕುವ ಮೊದಲು ಬಲ್ಲವರಿಂದ ಪೆಟ್ಟಿಗೆಯನ್ನು ಪರೀಕ್ಷೆ ಮಾಡಿಸಬೇಕು. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ನೀರು ಸೇರಿದೆ ಎಂದರ್ಥ. ಇಂಜಿನ್ ಚಾಲು ಮಾಡದೆ ಗಾಡಿಯನ್ನು ಲಾರಿಯ ಮೇಲೆ ಸಾಗಿಸತಕ್ಕದ್ದು.

ಕೆಲಸ ಮಾಡಿಸುವಾಗ

ಈ ಕೆಲಸವನ್ನು ಗ್ಯಾರೇಜಿನಲ್ಲಿ ಮಾಡಿಸುವುದೇ ಒಳ್ಳೆಯದು. ಆದರೆ ಪಕ್ಕದಲ್ಲಿ ನಿಂತು ಕೆಲವು ಸಂಗತಿಗಳನ್ನು ನೋಡಿಕೊಳ್ಳಬೇಕು. ಸೀಲು ಒಡೆಯದ ಡಬ್ಬಿಯನ್ನು ನಮ್ಮ ಕಣ್ಣೆದುರಿಗೇ ತೆರೆಸಬೇಕು. ಗಾಡಿ ಸಮನೆಲದಲ್ಲಿರಬೇಕು, ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಎಣ್ಣೆ ಇಳಿಸುವ ಬೋಲ್ಟಿಗಿಂತ ಮೊದಲು ತುಂಬುವ ಬೋಲ್ಟು ಬಿಚ್ಚುತ್ತದೆಯೇ ನೋಡಬೇಕು. ಎಣ್ಣೆ ಇಳಿಸಿಯಾದ ಮೇಲೆ ಅದು ಕಚ್ಚಿಕೊಂಡಿದೆಯೆಂದು ತಿಳಿದರೆ ಗಾಡಿ ಅಲ್ಲೇ ಉಳಿಯಬೇಕಾದೀತು. ಇಳಿದ ಎಣ್ಣೆಯನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು, ಅಷ್ಟೇ ಹೊಸದನ್ನು ತುಂಬುವುದರಿಂದ ಆರಂಭಿಸಬೇಕು.

ತಳದ ಪ್ಯಾನ್ ಬಿಚ್ಚುವ ಮಾದರಿಯಾದರೆ ಫಿಲ್ಟರ್ ಮತ್ತು ಗ್ಯಾಸ್ಕೆಟ್ ಹೊಸದಾಗಲಿ. ಪ್ಯಾನಿನಲ್ಲಿರುವ ಆಯಸ್ಕಾಂತಕ್ಕೆ ನುಣ್ಣನೆಯ ಬೂದು ಕೆಸರು ಅಂಟಿದ್ದರೆ ಗಾಬರಿಯಿಲ್ಲ, ಅದು ಸಹಜ ಸವೆತ. ಉಕ್ಕಿನ ಚೂರುಗಳಿದ್ದರೆ ಒಳಗೆ ಏನೋ ಮುರಿದಿದೆ. ಒರೆಸಲು ಕಾಟನ್ ವೇಸ್ಟ್ ಬೇಡ. ಅದರ ಎಳೆಯೊಂದು ಸಾಕು ಕವಾಟ ಕಟ್ಟಲು. ಎಳೆ ಬಿಡದ ಬಟ್ಟೆಯೇ ಆಗಬೇಕು.

ಮಟ್ಟ ನೋಡುವ ಕ್ರಮ ಎಲ್ಲ ಗಾಡಿಗಳಿಗೂ ಒಂದೇ ಅಲ್ಲ. ಡಿಪ್‌ಸ್ಟಿಕ್ ಇರುವ ಹೆಚ್ಚಿನ ಗಾಡಿಗಳಲ್ಲಿ ಎಣ್ಣೆ ಬಿಸಿಯಾದ ಮೇಲೆ, ಇಂಜಿನ್ ಓಡುತ್ತಿರುವಾಗ, ಲಿವರನ್ನು 'ಪಿ'ಯಲ್ಲಿಟ್ಟು ನೋಡಬೇಕು. ಇಂಜಿನ್ ನಿಲ್ಲಿಸಿ ನೋಡಬೇಕೆನ್ನುವ ಕಂಪನಿಗಳೂ ಇವೆ. ಹೊಸ ಮಾದರಿಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಎಣ್ಣೆ ಹೇಳಿದ ಉಷ್ಣತೆಗೆ ಬಂದಾಗ ಮಟ್ಟದ ಬೋಲ್ಟು ತೆಗೆದು, ಹೆಚ್ಚಿನದು ಸಣ್ಣಗೆ ಸುರಿದುಹೋಗಲು ಬಿಡಬೇಕು. ಕಡಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಹೆಚ್ಚಾದರೆ ಎಣ್ಣೆ ನೊರೆಯೇಳುತ್ತದೆ. ಎರಡರಲ್ಲಿಯೂ ಕ್ಲಚ್ ಜಾರುತ್ತದೆ. ಕೆಲವು ಗಾಡಿಗಳಲ್ಲಿ ಕೆಲಸ ಮುಗಿದ ಮೇಲೆ ಕಂಪ್ಯೂಟರಿಗೆ ಗೇರಿನ ಹದವನ್ನು ಮತ್ತೆ ಕಲಿಸಬೇಕಾಗುತ್ತದೆ. ಆ ಸಲಕರಣೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕಾಫಿ ಕೊಯ್ಲಿನ ಗಡಿಬಿಡಿ ಮುಗಿದು ಮುಂಗಾರು ಹಿಡಿಯುವ ಮೊದಲಿನ ಏಪ್ರಿಲ್, ಮೇ ತಿಂಗಳು ಈ ಕೆಲಸಕ್ಕೆ ಅನುಕೂಲ. ತಾರೀಖು, ಕಿಲೋಮೀಟರು, ಎಣ್ಣೆಯ ಹೆಸರು, ಲೀಟರು ಇಷ್ಟನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಓಡಿಸುವವರಿಗೆ

ಮಳೆಗಾಲದಲ್ಲಿ ತುಂಬಿದ ಹಳ್ಳ ದಾಟಿಸಬೇಡಿ. ಬಿಸಿಯಾದ ಪೆಟ್ಟಿಗೆ ತಣ್ಣೀರಿನಲ್ಲಿ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಕೊಳವೆಯಿಂದ ನೀರನ್ನು ಒಳಗೆಳೆಯುತ್ತದೆ. ಕ್ಲಚ್ ಬಿಲ್ಲೆಗಳ ಕಾಗದದಂಥ ಪದರಕ್ಕೆ ನೀರು ಶತ್ರು. ಕೆಸರಿನಲ್ಲಿ ಹೂತಾಗ 'ಡಿ', 'ಆರ್' ಎಂದು ಹಿಂದೆ ಮುಂದೆ ಹಾಕಿ ಚಕ್ರ ತಿರುಗಿಸುವುದು ಎಣ್ಣೆಯನ್ನು ನಿಂತಲ್ಲೇ ಸುಡುತ್ತದೆ. ಚಕ್ರದಡಿ ಹಲಗೆ ಕೊಟ್ಟು ಎತ್ತಿಸಿ. ಇಳಿಜಾರಿನಲ್ಲಿ 'ಎನ್'ಗೆ ಹಾಕಿ ಬಿಡುವುದು ಬೇಡ. ಕೆಳಗಿನ ಗೇರಿನಲ್ಲಿಯೇ ಇಳಿಸಿ. ಕೆಟ್ಟು ನಿಂತ ಆಟೋಮ್ಯಾಟಿಕ್ ಗಾಡಿಯ ಎಳೆಯುವ ಚಕ್ರಗಳು ನೆಲದ ಮೇಲಿರುವಾಗ ಜೀಪಿಗೆ ಹಗ್ಗ ಕಟ್ಟಿ ಎಳೆಯಬೇಡಿ. ಇಂಜಿನ್ ಓಡದಾಗ ಪಂಪು ಓಡುವುದಿಲ್ಲ, ಎಣ್ಣೆ ಎಲ್ಲಿಗೂ ತಲುಪುವುದಿಲ್ಲ.

ಹಳೆಯ ಎಣ್ಣೆಯ ವಿಲೇವಾರಿ

ಕಡೆಯದಾಗಿ ನಮ್ಮ ನೆಲದ ವಿಷಯ. ಗೆದ್ದಲಿಗೆಂದು ಬೇಲಿಯ ಕಂಬಕ್ಕೆ ಬಳಿಯುವ, ಮನೆ ಮುಂದಿನ ಚರಂಡಿಗೆ ಚೆಲ್ಲುವ ರೂಢಿ ಹಲವೆಡೆ ಇದೆ. ತೋಟದ ಹಳ್ಳಕ್ಕೆ ಸೇರಿದ್ದು ಕಾವೇರಿಗೆ ಸೇರುತ್ತದೆ. ಕಾವೇರಿಯ ನೀರನ್ನೇ ಮೈಸೂರಿನವರು ಕುಡಿಯುವುದು. ಬಳಸಿದ ಎಣ್ಣೆಯನ್ನು ೨೦೧೬ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿವೆ. ಅದು ಅಧಿಕೃತ ಮರುಸಂಸ್ಕರಣದವರಿಗೇ ಹೋಗಬೇಕು. ಮುಚ್ಚಳ ಭದ್ರವಾದ ಡಬ್ಬಿಯಲ್ಲಿ ಹಿಡಿದು, ಅಂಥವರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ. ಆ ಡಬ್ಬಿಯನ್ನು ಸಿಂಪರಣೆಯ ಕೆಲಸಕ್ಕಾಗಲಿ ಕುಡಿಯುವ ನೀರಿಗಾಗಲಿ ಮತ್ತೆ ಬಳಸಬಾರದು.

ಸದಸ್ಯ ಬಾಂಧವರು ಈ ಸಂಚಿಕೆ ಕೈಸೇರಿದ ದಿನವೇ ಒಂದು ಕೆಲಸ ಮಾಡಬೇಕೆಂದು ಕೋರುತ್ತೇವೆ. ಗಾಡಿಯ ಕೈಪಿಡಿ ತೆಗೆದು, ಪೆಟ್ಟಿಗೆಯ ಜಾತಿ ಮತ್ತು ಎಣ್ಣೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಗಾಡಿಯ ಕಾಗದಪತ್ರಗಳ ಜೊತೆ ಇಡಿ. ಗಾಡಿಯನ್ನು ಗ್ಯಾರೇಜಿಗೆ ಒಯ್ಯುವವರು ಮಗನಿರಲಿ, ಡ್ರೈವರ್ ಇರಲಿ, ಆ ಚೀಟಿ ಅವರ ಕೈಯಲ್ಲಿರಲಿ.